ಕೆಳಗೆ ಕಾಯುವವರು ಯಾರು? ವಿಲಿಯಂ ಕೋಲ್ಬಿಯ ಜಿಗಿತಗಳು: ಒಂದು ಪ್ರಕರಣ ಅಧ್ಯಯನ

ಮುಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ನಿರ್ದೇಶಕನಾದ ವಿಲಿಯಂ ಈಗನ್ ಕೋಲ್ಬಿ, ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ಹಿಡಿತದಲ್ಲಿದ್ದ ನೆಲಕ್ಕೆ ಎರಡು ಸಲ ಪ್ಯಾರಾಚೂಟಿನಲ್ಲಿ ಇಳಿದ. 1944ರ ಆಗಸ್ಟಿನಲ್ಲಿ ಫ್ರಾನ್ಸಿಗೆ, 1945ರ ಮಾರ್ಚಿನಲ್ಲಿ ನಾರ್ವೆಗೆ. ಎರಡು ಸಲವೂ ಇಳಿಸುವ ವಿಮಾನಗಳು ಎಡವಟ್ಟು ಮಾಡಿಕೊಂಡವು. ಆದರೂ ಎರಡು ಸಲವೂ ಕೆಲಸ ನಡೆಯಿತು, ಆತ ಜೀವಂತ ಮರಳಿದ. ಹದಿನಾರು ವರ್ಷ ಕಳೆದ ಮೇಲೆ, ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನಿನಲ್ಲಿ ಸಿಐಎ ಠಾಣೆಯ ಮುಖ್ಯಸ್ಥನ ಕುರ್ಚಿಯಲ್ಲಿ ಕೂತು, ಆತ ಬೇರೆಯವರನ್ನು ಇದೇ ಕ್ರಮದಲ್ಲಿ ಉತ್ತರ ವಿಯೆಟ್ನಾಮಿಗೆ ಇಳಿಸಿದ. ಈ ಸಲ ಬಹುಪಾಲು ವಿಮಾನಗಳು ಹೇಳಿದ ಜಾಗದಲ್ಲೇ ಇಳಿಸಿದವು. ಇಳಿದವರು ಮಾತ್ರ ಹೆಚ್ಚುಕಡಿಮೆ ಎಲ್ಲರೂ ಸಿಕ್ಕಿಬಿದ್ದರು.

ಬೆಳದಿಂಗಳ ರಾತ್ರಿ, ತಗ್ಗಿನಲ್ಲಿ ಹಾರುವ ವಿಮಾನ, ಸಣ್ಣ ತಂಡ, ಒಂದು ವೈರ್‌ಲೆಸ್ ಸೆಟ್: ಉಪಕರಣದಲ್ಲಿ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ವ್ಯತ್ಯಾಸ ಇದ್ದದ್ದು ನೆಲದ ಮೇಲೆ. ಕೋಲ್ಬಿಯ ವೃತ್ತಿಜೀವನವನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ದಕ್ಷಿಣ ವಿಯೆಟ್ನಾಮಿನ ಹಳ್ಳಿಗಳಲ್ಲಿ ಕಮ್ಯುನಿಸ್ಟರ ಗುಪ್ತ ಜಾಲದವರನ್ನು ಪಟ್ಟಿಮಾಡಿ ಹುಡುಕಿದ ಫೀನಿಕ್ಸ್ ಕಾರ್ಯಕ್ರಮದಿಂದಲೋ, ಸಿಐಎಯ ಅಕ್ರಮಗಳ ಬಗ್ಗೆ ನಡೆದ 1975ರ ಸೆನೆಟ್ ವಿಚಾರಣೆಗಳಿಂದಲೋ ಅಳೆಯುತ್ತಾರೆ. ಇಲ್ಲಿ ಅದನ್ನು ಜಿಗಿತದಿಂದ ಅಳೆಯಲಾಗಿದೆ.

ಜಿಗಿಯುವವನ ತಯಾರಿ

ಕೋಲ್ಬಿ ಹುಟ್ಟಿದ್ದು 1920ರ ಜನವರಿ 4ರಂದು, ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ. ಅಪ್ಪ ಸೇನಾಧಿಕಾರಿ. ಬಾಲ್ಯದ ಕೆಲವು ವರ್ಷ ಚೀನಾದ ತಿಯಾನ್‌ಜಿನ್‌ನಲ್ಲಿ ಕಳೆಯಿತು. 1940ರಲ್ಲಿ ಪ್ರಿನ್ಸ್‌ಟನ್ ಮುಗಿಸಿ, 1941ರಲ್ಲಿ ಸೇನೆ ಸೇರಿದ. ಮೊದಲು ಸಿಕ್ಕಿದ್ದು ಫಿರಂಗಿ ದಳ. ಪ್ಯಾರಾಚೂಟ್ ದಳಕ್ಕೆ ಹೆಸರು ಕೊಟ್ಟಾಗ ಕಣ್ಣಿನ ಪರೀಕ್ಷೆ ಅಡ್ಡ ಬಂತು. ದೃಷ್ಟಿ ಮಂದ. ಅಕ್ಷರದ ಫಲಕವನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದ. ವೈದ್ಯನಿಗೆ ಅದು ಗೊತ್ತಾಯಿತು, ಆದರೂ ನೆಲ ಕಾಣುವಷ್ಟು ಕಣ್ಣಿದೆ ಎಂದು ಬಿಟ್ಟುಬಿಟ್ಟ.

ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ಆಗ ನಾಲ್ಕು ವಾರದ ಪಾಠ. ಮೊದಲು 34 ಅಡಿಯ ಅಟ್ಟಣಿಗೆ, ಆಮೇಲೆ 250 ಅಡಿಯ ಗೋಪುರ, ಕೊನೆಗೆ ವಿಮಾನದಿಂದ ಐದು ಜಿಗಿತ. ಎರಡನೆಯ ಜಿಗಿತದಲ್ಲೇ ಕೋಲ್ಬಿಯ ಪಾದದ ಕೀಲು ಮುರಿಯಿತು. ಪ್ಯಾರಾಚೂಟ್ ಪಾಠದಲ್ಲಿ ಇದು ಅಪರೂಪದ ಗಾಯವಲ್ಲ. ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ನೆಲ ಮುಟ್ಟುವಾಗ ಕಾಲು ಜೋಡಿಸಿ, ಮಂಡಿ ಸಡಿಲ ಬಿಟ್ಟು, ಪಕ್ಕಕ್ಕೆ ಉರುಳಬೇಕು. ನೆಲ ಹತ್ತಿರ ಬಂದಂತೆ ಕಾಲು ಚಾಚಿ ಅದನ್ನು 'ಹುಡುಕಲು' ಹೋದವನ ಕೀಲು ಹೋಗುತ್ತದೆ. ಕಾಲು ಕೂಡಿಕೊಳ್ಳುವವರೆಗೆ ಕೋಲ್ಬಿ ಹಿಂದೆ ಉಳಿದ, ಆಮೇಲೂ ತನ್ನ ದಳದ ಜೊತೆ ಯುದ್ಧಕ್ಕೆ ಹೋಗುವ ಅವಕಾಶ ಸಿಗದೆ ಕಾಯುತ್ತಿದ್ದ. 1943ರಲ್ಲಿ ಓಎಸ್ಎಸ್‌ನವರು ಫ್ರೆಂಚ್ ಬಲ್ಲ, ಜಿಗಿಯಬಲ್ಲ ಅಧಿಕಾರಿಗಳನ್ನು ಹುಡುಕಿಕೊಂಡು ಬಂದಾಗ ಕೈಗೆ ಸಿಕ್ಕವರಲ್ಲಿ ಆತನೂ ಒಬ್ಬ. ಓಎಸ್ಎಸ್ ಎಂದರೆ ಆ ಕಾಲದ ಅಮೆರಿಕದ ಗುಪ್ತಚರ ಸಂಸ್ಥೆ, ಸಿಐಎಯ ಪೂರ್ವಜ.

ಅವರು ಹುಡುಕುತ್ತಿದ್ದದ್ದು 'ಜೆಡ್‌ಬರ್ಗ್' ತಂಡಗಳಿಗೆ. ಒಂದು ತಂಡದಲ್ಲಿ ಮೂವರು: ಇಬ್ಬರು ಅಧಿಕಾರಿಗಳು, ಒಬ್ಬ ವೈರ್‌ಲೆಸ್‌ನವ. ಅಧಿಕಾರಿಗಳಲ್ಲಿ ಒಬ್ಬ ಸಾಧ್ಯವಾದಷ್ಟು ಆ ದೇಶದವನೇ ಆಗಿರಬೇಕು. ಮೈಮೇಲೆ ಸಮವಸ್ತ್ರ ಇರುತ್ತದೆ, ಹಾಗಾಗಿ ಇವರು ಮಾರುವೇಷದ ಬೇಹುಗಾರರಲ್ಲ. ಕೆಲಸವೂ ಬೇಹುಗಾರಿಕೆಯಲ್ಲ. ಸ್ಥಳೀಯ ಪ್ರತಿರೋಧ ಪಡೆಗಳಿಗೆ ಲಂಡನ್ನಿನಿಂದ ಶಸ್ತ್ರ ತರಿಸಿಕೊಡುವುದು, ಅವರ ದಾಳಿಗಳನ್ನು ಸೇನೆಯ ಮುನ್ನಡೆಗೆ ಹೊಂದಿಸುವುದು. ತಂಡದ ನಿಜವಾದ ಆಯುಧ ಬಂದೂಕಲ್ಲ, ವೈರ್‌ಲೆಸ್ ಸೆಟ್.

ಇಂಗ್ಲೆಂಡಿನ ಪೀಟರ್‌ಬರೋ ಬಳಿಯ ಮಿಲ್ಟನ್ ಹಾಲ್‌ನಲ್ಲಿ ತರಬೇತಿ. ಜಿಗಿತವನ್ನು ಮಾತ್ರ ಮ್ಯಾಂಚೆಸ್ಟರ್ ಬಳಿಯ ರಿಂಗ್‌ವೇ ಶಾಲೆಯಲ್ಲಿ ಮೂರೇ ದಿನದಲ್ಲಿ ಮತ್ತೆ ಕಲಿಸಿದರು. ಬೆನ್ನಿಂಗ್‌ನಲ್ಲಿ ಕಲಿತಿದ್ದವರೂ ಮತ್ತೆ ಕಲಿಯಬೇಕಾದದ್ದೇಕೆ ಎಂದರೆ ಛತ್ರಿಯೇ ಬೇರೆ, ಹೊರಬೀಳುವ ದಾರಿಯೇ ಬೇರೆ. ಅಮೆರಿಕದ ಟಿ-5 ಛತ್ರಿಯಲ್ಲಿ ಬಟ್ಟೆ ಮೊದಲು ಬಿಚ್ಚಿಕೊಳ್ಳುತ್ತದೆ, ಹಗ್ಗಗಳು ಆಮೇಲೆ ಬಿಗಿಯುತ್ತವೆ, ಹಾಗಾಗಿ ಭುಜಕ್ಕೆ ಬೀಳುವ ಹೊಡೆತ ಜೋರು. ಎದೆಯ ಮೇಲೆ ಇನ್ನೊಂದು ತುರ್ತು ಛತ್ರಿ ಇರುತ್ತದೆ. ಬ್ರಿಟಿಷರ ಎಕ್ಸ್-ಟೈಪ್‌ನಲ್ಲಿ ಹಗ್ಗ ಮೊದಲು, ಬಟ್ಟೆ ಆಮೇಲೆ. ಬಿಚ್ಚಿಕೊಳ್ಳುವುದು ಮೆತ್ತಗೆ. ತುರ್ತು ಛತ್ರಿ ಇಲ್ಲವೇ ಇಲ್ಲ. ಇಷ್ಟು ತಗ್ಗಿನಿಂದ ಜಿಗಿಯುವಾಗ ಎರಡನೆಯದನ್ನು ಬಿಚ್ಚಲು ಸಮಯವೂ ಇರುವುದಿಲ್ಲ ಎನ್ನುವುದು ಅವರ ಲೆಕ್ಕ. ನೆಲ ಮುಟ್ಟಿದ ಮೇಲೆ ಎದೆಯ ಮೇಲಿನ ಒಂದು ಬಿಲ್ಲೆಯನ್ನು ತಿರುಗಿಸಿ ಗುದ್ದಿದರೆ ಪಟ್ಟಿಗಳೆಲ್ಲ ಕಳಚಿಬೀಳುತ್ತವೆ. ಟಿ-5ರಲ್ಲಾದರೆ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಬೇಕು. ಕತ್ತಲಲ್ಲಿ ಶತ್ರುವಿನ ಊರಿನಲ್ಲಿ ಇಳಿದವನಿಗೆ ಈ ಒಂದು ಬಿಲ್ಲೆಯ ಬೆಲೆ ಗೊತ್ತು.

ಹೊರಬೀಳುವುದು ಬಾಗಿಲಿನಿಂದಲ್ಲ. ಬಿ-24 ಲಿಬರೇಟರ್‌ನ ಹೊಟ್ಟೆಯಲ್ಲಿದ್ದ ಬಂದೂಕಿನ ಗೋಳ ತೆಗೆದುಹಾಕಿದ ಮೇಲೆ ಉಳಿಯುತ್ತಿದ್ದದ್ದು ಸುಮಾರು ಒಂದು ಮೀಟರ್ ಅಗಲದ ದುಂಡನೆಯ ತೂತು. ಸಿಬ್ಬಂದಿ ಅದನ್ನು 'ಜೋ ಹೋಲ್' ಎನ್ನುತ್ತಿದ್ದರು, ಏಕೆಂದರೆ ಹೆಸರು ಕೇಳಬಾರದ ಆ ಪ್ರಯಾಣಿಕರೆಲ್ಲ ಅವರಿಗೆ 'ಜೋ'ಗಳು. ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ದೀಪ ಹಸಿರಾದಾಗ ನೆಟ್ಟಗೆ ಕೆಳಗೆ ಜಾರಬೇಕು. 'ಸ್ಟ್ಯಾಟಿಕ್ ಲೈನ್' ಎಂಬ ಪಟ್ಟಿಯ ಒಂದು ತುದಿ ವಿಮಾನಕ್ಕೆ ಕಟ್ಟಿರುವುದರಿಂದ ಛತ್ರಿ ತಾನಾಗಿಯೇ ಎಳೆಯಲ್ಪಟ್ಟು ಬಿಚ್ಚಿಕೊಳ್ಳುತ್ತದೆ. ಜಾರುವಾಗ ಕೆಳಗೆ ಏನಿದೆ ಎಂದು ತಲೆ ಬಗ್ಗಿಸಿ ನೋಡಿದರೆ ಎದುರಿನ ಅಂಚಿಗೆ ಮುಖ ಅಪ್ಪಳಿಸುತ್ತದೆ. ರಿಂಗ್‌ವೇಯಲ್ಲಿ ಇದಕ್ಕೆ 'ಗಂಟೆ ಬಾರಿಸುವುದು' ಎಂದೇ ಹೆಸರಿತ್ತು.

ಲೆಕ್ಕವೂ ಸರಳ. ವಿಮಾನದ ವೇಗ ಗಂಟೆಗೆ 200 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಒಬ್ಬ ಎರಡು ಸೆಕೆಂಡ್ ಹಿಂಜರಿದರೆ ಅವನ ಮುಂದಿನವನಿಗೂ ಅವನಿಗೂ ನೂರು ಮೀಟರಿಗಿಂತ ಹೆಚ್ಚಿನ ಅಂತರ ಬೀಳುತ್ತದೆ. 600 ಅಡಿಯಿಂದ ನೆಲಕ್ಕೆ ಅರ್ಧ ನಿಮಿಷ. ಜಿಗಿಯುವವನ ಕೈಯಲ್ಲಿರುವುದು ಅಷ್ಟು ಮಾತ್ರ. ಉಳಿದದ್ದೆಲ್ಲ ಇಳಿಯುವ ಜಾಗ ತೋರಿಸಲು ಕೆಳಗೆ ಹಚ್ಚುವ ಬೆಂಕಿಗಳನ್ನು ವಿಮಾನ ಚಾಲಕ ಸರಿಯಾಗಿ ಗುರುತಿಸಿದನೋ, ಆ ಬೆಂಕಿ ಹಚ್ಚಿದವರು ಯಾರು ಎನ್ನುವುದರ ಮೇಲೆ ನಿಂತಿರುತ್ತದೆ.

ಮೊಂಟಾರ್ಜಿ, ಆಗಸ್ಟ್ 1944

ತಂಡದ ಸಂಕೇತನಾಮ 'ಬ್ರೂಸ್'. ಮೇಜರ್ ಕೋಲ್ಬಿ, ಫ್ರೆಂಚ್ ಲೆಫ್ಟಿನೆಂಟ್ ಕಮಿಲ್ ಲಲಾಂಗ್, ವೈರ್‌ಲೆಸ್‌ನ ಲೂಯಿ ಜಿರಿ. ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಯೋನ್ ಪ್ರಾಂತದಲ್ಲಿ ಪ್ರತಿರೋಧದವರು ಗೊತ್ತುಮಾಡಿದ ಬಯಲಿಗೆ ಇಳಿಯಬೇಕಿತ್ತು. ಆಗಸ್ಟ್ 14ರ ರಾತ್ರಿ ಚಾಲಕನಿಗೆ ಕೆಳಗೆ ಬೆಂಕಿ ಕಂಡಿತು, ದೀಪ ಹಸಿರಾಯಿತು, ಮೂವರೂ ಜಾರಿದರು. ಕಂಡದ್ದು ಸ್ವಾಗತದ ಬೆಂಕಿಯಲ್ಲ, ಉರಿಯುತ್ತಿದ್ದ ಒಂದು ರೈಲು. ಗೊತ್ತುಮಾಡಿದ ಜಾಗ ಮೂವತ್ತು ಕಿ.ಮೀ.ಗೂ ಹೆಚ್ಚು ದೂರವಿತ್ತು. ಇಳಿದದ್ದು ಜರ್ಮನ್ ಕಾವಲುಪಡೆ ಇದ್ದ ಮೊಂಟಾರ್ಜಿ ಪಟ್ಟಣದಲ್ಲಿ. ಹಿಂದೆಯೇ ಬಂದ ಶಸ್ತ್ರದ ಕಂಟೇನರುಗಳು ಬೀದಿಗಳಲ್ಲಿ ದಡಬಡನೆ ಬಿದ್ದು, ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತು.

ಸ್ವಾಗತಕ್ಕೆ ಹಚ್ಚುವ ಬೆಂಕಿಗೂ ಸುಮ್ಮನೆ ಉರಿಯುವ ಬೆಂಕಿಗೂ ವ್ಯತ್ಯಾಸ ತಿಳಿಯಲೆಂದೇ ಒಂದು ಪದ್ಧತಿ ಇತ್ತು. ದೀಪಗಳನ್ನು ಗೊತ್ತಾದ ಆಕಾರದಲ್ಲಿ ಜೋಡಿಸುವುದು, ಜೊತೆಗೆ ಟಾರ್ಚಿನಿಂದ ಮೋರ್ಸ್‌ನಲ್ಲಿ ಒಂದು ಅಕ್ಷರವನ್ನು ಮಿನುಗಿಸುವುದು. ಅಕ್ಷರ ಕಾಣದಿದ್ದರೆ ಇಳಿಸಕೂಡದು ಎಂಬುದು ನಿಯಮ. ಶತ್ರುವಿನ ಆಕಾಶದಲ್ಲಿ ಸುತ್ತು ಹಾಕುವ ಒಂದೊಂದು ನಿಮಿಷವೂ ಸಿಬ್ಬಂದಿಗೆ ಭಾರ. ಬೆಂಕಿ ಕಂಡಾಗ 'ಇದೇ ಇರಬೇಕು' ಎನ್ನಿಸುವುದು ಸಹಜ. ನಿಯಮ ಮುರಿಯುವುದು ಸಾಮಾನ್ಯವಾಗಿ ಅಲ್ಲೇ.

ಸಾಮಾನನ್ನೆಲ್ಲ ಬಿಟ್ಟು ಮೂವರೂ ಕತ್ತಲಲ್ಲಿ ಊರಾಚೆ ಸರಿದರು. ಹಗಲು ಹಳ್ಳದಲ್ಲಿ ಅಡಗಿ, ಗುಡುಗು ಮಳೆಯಲ್ಲಿ ನಡೆದು, ಕೊನೆಗೆ ಧೈರ್ಯ ಮಾಡಿ ಒಂದು ತೋಟದ ಮನೆಯ ಬಾಗಿಲು ತಟ್ಟಿದರು. ಒಳಗಿದ್ದವರು ಪ್ರತಿರೋಧದವರೇ. ಇದನ್ನು ಬರೀ ಅದೃಷ್ಟ ಎಂದರೆ ತಪ್ಪು. 1944ರ ಆಗಸ್ಟ್ ನಡುವಿನಲ್ಲಿ ಆ ಸೀಮೆಯ ಯಾವ ಬಾಗಿಲು ತಟ್ಟಿದ್ದರೂ ತೆರೆಯುವ ಸಾಧ್ಯತೆ ಮುಚ್ಚುವ ಸಾಧ್ಯತೆಗಿಂತ ಹೆಚ್ಚಿತ್ತು. ಅಮೆರಿಕದ ಜನರಲ್ ಪ್ಯಾಟನ್‌ನ ಮೂರನೆಯ ಸೇನೆ ಪಶ್ಚಿಮದಿಂದ ನುಗ್ಗಿ ಬರುತ್ತಿತ್ತು. ಜರ್ಮನರು ಗಂಟುಮೂಟೆ ಕಟ್ಟುತ್ತಿದ್ದರು. ತಂಡದ ಕೆಲಸವೂ ಆ ಸೇನೆಯ ಬಲಮಗ್ಗುಲು ಕಾಯುವುದೇ: ಲ್ವಾರ್ ನದಿಯ ದಕ್ಷಿಣದಲ್ಲಿ ಸಿಕ್ಕಿಕೊಂಡ ಜರ್ಮನ್ ಪಡೆಗಳು ಮೇಲೆ ಬರದಂತೆ ನೋಡಿಕೊಳ್ಳುವುದು.

ಈ ಪ್ರಕರಣದ ಅತ್ಯಂತ ಕಹಿಯಾದ ಸಂಗತಿ ಯುದ್ಧ ಮುಗಿದ ಮೇಲೆ ಹೊರಬಿತ್ತು. ಕೋಲ್ಬಿಯ ತಂಡ ಹೋಗಿ ಸೇರಿದ್ದು ರೋಜೆ ಬಾರ್ಡೆ ಎಂಬವನ ಪಡೆಯನ್ನು. ಬಾರ್ಡೆ ಜರ್ಮನ್ ಗುಪ್ತಚರ ವಿಭಾಗವಾದ ಆಬ್‌ವೇರ್‌ಗೆ ಕೆಲಸ ಮಾಡಿದ ದ್ರೋಹಿ. ತಾನಿದ್ದ ಪ್ರತಿರೋಧ ಜಾಲದ ನಾಯಕ ಆನ್ರಿ ಫ್ರಾಜೆಯನ್ನು ಆ ಜುಲೈನಲ್ಲಷ್ಟೇ ಹಿಡಿದುಕೊಟ್ಟಿದ್ದ. ಫ್ರಾಜೆಗೆ ಬೂಕೆನ್‌ವಾಲ್ಡ್ ಶಿಬಿರದಲ್ಲಿ ಮರಣದಂಡನೆಯಾಯಿತು. ಆಗಸ್ಟಿನ ಹೊತ್ತಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎನ್ನುವುದು ಬಾರ್ಡೆಗೆ ಗೊತ್ತಾಗಿತ್ತು. ಹಾಗಾಗಿ ಆತ ಜರ್ಮನರ ವಿರುದ್ಧ ನಿಜವಾಗಿಯೇ ಹೋರಾಡಿದ, ಕೋಲ್ಬಿಯನ್ನು ಮಾರಲಿಲ್ಲ. ಅದೇ ತಂಡ ಎರಡು ತಿಂಗಳು ಮೊದಲು ಇಳಿದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಫ್ರಾಜೆಯ ಕಥೆಯೇ ಹೇಳುತ್ತದೆ. ಸ್ವಾಗತಿಸುವವನು ಯಾರು ಎನ್ನುವುದರ ಜೊತೆಗೆ, ಅವನು ಈ ವಾರ ಯಾರ ಗೆಲುವಿನ ಮೇಲೆ ಬಾಜಿ ಕಟ್ಟಿದ್ದಾನೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಹೆಪ್ಪುಗಟ್ಟಿದ ಸರೋವರ, ಮಾರ್ಚ್ 1945

ನಾರ್ವೆಯ ಕಾರ್ಯಾಚರಣೆಗೆ 'ರೀಪೆ' ಎಂದು ಹೆಸರು, ಹಿಮದಲ್ಲಿ ಬಿಳಿಯಾಗುವ ಅಲ್ಲಿನ ಒಂದು ಕಾಡುಹಕ್ಕಿಯ ಹೆಸರದು. ಉತ್ತರ ನಾರ್ವೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರಿದ್ದರು. ಅವರು ದಕ್ಷಿಣಕ್ಕೆ ಬಂದು ಜರ್ಮನಿಯ ರಕ್ಷಣೆಗೆ ನಿಲ್ಲದಂತೆ ನೂರ್‌ಲಾನ್ ರೈಲು ಮಾರ್ಗವನ್ನು ಕಡಿಯಬೇಕು. ಆಳುಗಳು ಹೆಚ್ಚಾಗಿ ನಾರ್ವೆ ಮೂಲದ ಅಮೆರಿಕನ್ನರು, ಕೊಲರಾಡೋದ ಕ್ಯಾಂಪ್ ಹೇಲ್‌ನ ಹಿಮದಲ್ಲಿ ಪಳಗಿದವರು. ಈ ಶಿಬಿರದ ಹೆಸರು ಮುಂದೆ ಮತ್ತೆ ಬರುತ್ತದೆ.

ಮಾರ್ಚ್ 24ರಂದು ಇಂಗ್ಲೆಂಡಿನ ಹ್ಯಾರಿಂಗ್‌ಟನ್‌ನಿಂದ ಎಂಟು ಲಿಬರೇಟರ್‌ಗಳು ಹೊರಟವು. ಸ್ವೀಡನ್ ಗಡಿಯ ಹತ್ತಿರದ ಯೆವ್‌ಷೊ ಸರೋವರದ ಹೆಪ್ಪಿನ ಮೇಲೆ ಸರಿಯಾಗಿ ಇಳಿಸಿದ್ದು ನಾಲ್ಕು. ಒಂದು ತನ್ನವರನ್ನು ಗಡಿಯಾಚೆ ಸ್ವೀಡನ್ನಿನಲ್ಲಿ ಇಳಿಸಿತು, ಅಲ್ಲಿನ ಸರ್ಕಾರ ಅವರನ್ನು ವಶಕ್ಕೆ ತೆಗೆದುಕೊಂಡಿತು. ಮೂರು ಇಳಿಸದೆಯೇ ಮರಳಿದವು. ಇಳಿಯದೆ ಉಳಿದವರನ್ನು ಇಳಿಸಲು ನಂತರ ಮಾಡಿದ ಪ್ರಯತ್ನದಲ್ಲಿ ಎರಡು ವಿಮಾನಗಳು ಬಿದ್ದವು, ಒಂದು ಓರ್ಕ್ನಿ ದ್ವೀಪಗಳಲ್ಲಿ, ಇನ್ನೊಂದು ನಾರ್ವೆಯ ಪ್ಲುಕ್ಕುತ್ಯೋನ್‌ಫ್ಯೆಲ್ ಬೆಟ್ಟದಲ್ಲಿ. ಈ ಕಾರ್ಯಾಚರಣೆಯಲ್ಲಿ ಜೀವ ತೆಗೆದದ್ದು ಜರ್ಮನ್ ಗುಂಡಿಗಿಂತ ಹೆಚ್ಚಾಗಿ ಹವಾಮಾನ.

ಇಳಿದ ಕೋಲ್ಬಿಗೆ ಹಿಮದಲ್ಲಿ ಒಬ್ಬ ಅಪರಿಚಿತ ಎದುರಾದ. ಮೊದಲೇ ಹೇಳಿಕೊಟ್ಟಿದ್ದ ಗುರುತಿನ ಮಾತು ಆಡಬೇಕು. ಈ ಸರೋವರದಲ್ಲಿ ಮೀನು ಚೆನ್ನಾಗಿ ಸಿಗುತ್ತದೆಯೇ ಎಂದು ಕೋಲ್ಬಿ ಕೇಳಬೇಕು, ಹೌದು, ಅದರಲ್ಲೂ ಚಳಿಗಾಲದಲ್ಲಿ ಎಂದು ಆತ ಹೇಳಬೇಕು. ಕೋಲ್ಬಿ ಕೇಳಿದ. ನಿಜ ಹೇಳಬೇಕೆಂದರೆ ಇಲ್ಲಿ ಮೀನು ಏನೇನೂ ಸಿಗುವುದಿಲ್ಲ ಎಂದ ಎದುರಿನವನು. ನಿಯಮದ ಪ್ರಕಾರ ಅಲ್ಲಿ ಬಂದೂಕು ಎತ್ತಬೇಕಿತ್ತು. ಆತ ಸ್ಥಳೀಯ ಪ್ರತಿರೋಧದವನೇ. ಉತ್ತರ ತಪ್ಪಿತ್ತು, ಮನುಷ್ಯ ಸರಿಯಿದ್ದ. ಮುಂದೆ ವಿಯೆಟ್ನಾಮಿನಲ್ಲಿ ಇದರ ತಲೆಕೆಳಗು ನಡೆಯಿತು: ವೈರ್‌ಲೆಸ್ಸಿನಲ್ಲಿ ಉತ್ತರಗಳು ಸರಿಯಾಗಿ ಬರುತ್ತಿದ್ದವು, ಕಳಿಸುತ್ತಿದ್ದವರು ಬೇರೆಯಿದ್ದರು.

ಅರ್ಧದಷ್ಟೇ ಜನ ಬಂದದ್ದರಿಂದ ಮೊದಲು ಗುರಿಯಿಟ್ಟಿದ್ದ ದೊಡ್ಡ ಗ್ರಾನಾ ಸೇತುವೆಯನ್ನು ಕೈಬಿಟ್ಟರು. ಏಪ್ರಿಲ್ 15ರಂದು ಸಣ್ಣದಾದ ತಾಂಗೆನ್ ಸೇತುವೆ ಉರುಳಿತು. ಹತ್ತು ದಿನದ ನಂತರ ಲೂರುದಾಲ್‌ನಲ್ಲಿ ಸುಮಾರು ಎರಡೂವರೆ ಕಿ.ಮೀ. ಹಳಿ ಕಿತ್ತುಹೋಯಿತು. ಅಳತೆಗೆ ತಕ್ಕ ಗುರಿ ಆರಿಸಿಕೊಂಡದ್ದು ಒಳ್ಳೆಯ ನಿರ್ಧಾರ. ತಂಡ ಉಳಿದದ್ದಕ್ಕೆ ಎರಡು ಕಾರಣ: ಹಿಟ್ಟು, ಮಾಂಸ, ಸುದ್ದಿ ತಂದುಕೊಡುವ ಒಂದು ಸೀಮೆಯ ಜನ, ಮತ್ತು ಸ್ಕೀ ಹಾಕಿಕೊಂಡು ಹೋದರೆ ಕೈಗೆಟಕುವ ದೂರದಲ್ಲಿದ್ದ ಸ್ವೀಡನ್ ಗಡಿ. ಕಾಲವೂ ಕೈಹಿಡಿಯಿತು. ಮೇ 8ಕ್ಕೆ ಜರ್ಮನಿ ಶರಣಾಯಿತು. ಬೆರಳೆಣಿಕೆಯ ಈ ಜನ ಸ್ಟೈನ್‌ಶಾರ್ ಊರಿಗೆ ಇಳಿದು, ತಮಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ಜರ್ಮನ್ ಪಡೆಯ ಮುಂದೆ ನಿಂತರು. ಈ ಕಾರ್ಯಾಚರಣೆಗಾಗಿ ಕೋಲ್ಬಿಗೆ ಸಿಲ್ವರ್ ಸ್ಟಾರ್ ಸಿಕ್ಕಿತು.

ಸ್ಟಾಕ್‌ಹೋಮ್, ರೋಮ್

ಯುದ್ಧದ ನಂತರ 1947ರಲ್ಲಿ ಕೊಲಂಬಿಯಾದಲ್ಲಿ ಕಾನೂನು ಮುಗಿಸಿ, ಓಎಸ್ಎಸ್ ಮುಖ್ಯಸ್ಥನಾಗಿದ್ದ ವಿಲಿಯಂ ಡೊನೊವನ್‌ನ ವಕೀಲಿ ಕಚೇರಿಯಲ್ಲಿ ಸ್ವಲ್ಪ ಕಾಲ ಇದ್ದ. ಕೊರಿಯಾ ಯುದ್ಧ ಶುರುವಾದ 1950ರಲ್ಲಿ ಸಿಐಎ ಸೇರಿದ. 1951ರಿಂದ 53ರವರೆಗೆ ಸ್ಟಾಕ್‌ಹೋಮ್‌ನಲ್ಲಿ ಆತನಿಗೆ ಬಿದ್ದ ಕೆಲಸ ಗಮನಿಸಬೇಕಾದದ್ದು. ಸೋವಿಯತ್ ಸೇನೆ ಸ್ಕ್ಯಾಂಡಿನೇವಿಯಾಕ್ಕೆ ನುಗ್ಗಿದರೆ ಹಿಂದೆ ಉಳಿದು ಪ್ರತಿರೋಧ ನಡೆಸುವ ಜನರನ್ನು ಯುದ್ಧಕ್ಕೆ ಮೊದಲೇ ಆರಿಸಿಡುವುದು, ವೈರ್‌ಲೆಸ್ ಮತ್ತು ಸಾಮಾನು ಬಚ್ಚಿಡುವುದು. ಅಂದರೆ ಈ ಸಲ ಆತ ಆಕಾಶದಿಂದ ಬರುವ ಅತಿಥಿಯಲ್ಲ, ಮುಂದೆ ಬರಬಹುದಾದ ಅತಿಥಿಗಾಗಿ ಬೆಂಕಿ ಹಚ್ಚಿಡುವ ಮನೆಯವರನ್ನು ಹುಡುಕುವವ. ತೋಟದ ಮನೆಯ ಆ ಬಾಗಿಲು ಇರದಿದ್ದರೆ ಏನಾಗುತ್ತಿತ್ತು ಎಂದು ಗೊತ್ತಿದ್ದವನಿಗೆ ತಕ್ಕ ಕೆಲಸ. 1953ರಿಂದ 58ರವರೆಗೆ ರೋಮ್‌ನಲ್ಲಿ ಕಮ್ಯುನಿಸ್ಟರ ಎದುರು ನಿಂತ ಮಧ್ಯಪಂಥದ ಪಕ್ಷಗಳಿಗೆ ಹಣ ಹರಿಸಿದ. ಅದಕ್ಕೂ ಛತ್ರಿಗೂ ಸಂಬಂಧವಿಲ್ಲ.

ಪ್ರಾಜೆಕ್ಟ್ ಟೈಗರ್

ಕೋಲ್ಬಿ ಸೈಗಾನಿಗೆ ಬಂದದ್ದು 1959ರಲ್ಲಿ, ಠಾಣೆಯ ಮುಖ್ಯಸ್ಥನಾದದ್ದು 1960ರಲ್ಲಿ. 1961ರ ಆರಂಭದಲ್ಲಿ ಅಧ್ಯಕ್ಷ ಕೆನಡಿಯ ಪ್ರಶ್ನೆ ನೇರವಾಗಿತ್ತು: ಉತ್ತರದವರು ದಕ್ಷಿಣದಲ್ಲಿ ಗೆರಿಲ್ಲಾಗಳನ್ನು ನಡೆಸುವುದಾದರೆ ನಾವೇಕೆ ಉತ್ತರದಲ್ಲಿ ನಡೆಸಬಾರದು? ಜೆಡ್‌ಬರ್ಗ್‌ನಲ್ಲಿ ಪಳಗಿದವನು ಠಾಣೆಯ ಮುಖ್ಯಸ್ಥನಾಗಿದ್ದಾಗ ಉತ್ತರ ಮೊದಲೇ ಸಿದ್ಧವಿದ್ದಂತೆ.

ಉತ್ತರಕ್ಕೆ ತಂಡಗಳನ್ನು ಇಳಿಸುವ ಈ ಯೋಜನೆಯೇ ಪ್ರಾಜೆಕ್ಟ್ ಟೈಗರ್. ಮೊದಲ ತಂಡ 'ಕ್ಯಾಸ್ಟರ್', ನಾಲ್ಕು ಜನ. 1961ರ ಮೇ 27ರ ರಾತ್ರಿ ಸಿ-47 ವಿಮಾನ ಅವರನ್ನು ಸನ್ ಲಾ ಪ್ರಾಂತದ ಬೆಟ್ಟಗಳಲ್ಲಿ ಇಳಿಸಿತು. ವಿಮಾನ ನಡೆಸಿದ್ದು ಮುಂದೆ ದಕ್ಷಿಣ ವಿಯೆಟ್ನಾಮಿನ ಪ್ರಧಾನಿಯಾದ ನುಯೆನ್ ಕಾವ್ ಕಿ. ಹಾರಾಟ ಸರಿ, ಜಾಗ ಸರಿ. ಕೆಲವೇ ದಿನಗಳಲ್ಲಿ ನಾಲ್ವರೂ ಸಿಕ್ಕಿಬಿದ್ದರು. ಅವರ ವೈರ್‌ಲೆಸ್ ಮಾತ್ರ ನಿಲ್ಲಲಿಲ್ಲ. ಹನೋಯ್‌ನವರು ವೈರ್‌ಲೆಸ್‌ನವನನ್ನೇ ಕೂರಿಸಿ, ತಾವು ಬರೆದ ಸಂದೇಶಗಳನ್ನು ಕಳಿಸಿದರು. ಜುಲೈ 1ರ ರಾತ್ರಿ ಕ್ಯಾಸ್ಟರ್‌ಗೆಂದು ಸಾಮಾನು ಹೊತ್ತು ಹೋದ ಇನ್ನೊಂದು ಸಿ-47 ಕರಾವಳಿಯ ನಿನ್ ಬಿನ್ ಪ್ರಾಂತದಲ್ಲಿ ನೆಲಕ್ಕೆ ಬಿತ್ತು. ಬದುಕುಳಿದ ಸಿಬ್ಬಂದಿಯನ್ನು ಹನೋಯ್ ಬಹಿರಂಗವಾಗಿ ವಿಚಾರಣೆಗೆ ನಿಲ್ಲಿಸಿತು. ಆಮೇಲೂ ತಂಡಗಳನ್ನು ಇಳಿಸುವುದು ನಿಲ್ಲಲಿಲ್ಲ.

ಎಲ್ಲಿ ತಪ್ಪಿತು? ಇಳಿದವರು ದೇಶ ಎರಡಾದ 1954ರಲ್ಲಿ ಉತ್ತರದಿಂದ ಓಡಿಬಂದವರು. ಭಾಷೆ, ಸೀಮೆ ಗೊತ್ತಿದ್ದವರು, ಧೈರ್ಯಕ್ಕೂ ಕೊರತೆಯಿರಲಿಲ್ಲ. ಆದರೆ ಅವರು ಬಿಟ್ಟುಬಂದ ಊರು ಏಳು ವರ್ಷದಲ್ಲಿ ಬದಲಾಗಿತ್ತು. ಮನೆಮನೆಗೂ ಲೆಕ್ಕ, ಹಳ್ಳಿಗೊಂದು ಪಕ್ಷದ ಘಟಕ, ಹಳ್ಳಿಗೊಂದು ಕಾವಲುಪಡೆ. ಹೊಸ ಮುಖ ಕಂಡರೆ ಹೇಳಲೇಬೇಕು. ಅಕ್ಕಿ ಕೇಳಲು ಒಬ್ಬ ಹಳ್ಳಿಗೆ ಇಳಿದರೆ ಸುದ್ದಿ ಸಂಜೆಯೊಳಗೆ ತಲುಪಬೇಕಾದಲ್ಲಿ ತಲುಪುತ್ತಿತ್ತು. ಅಕ್ಕಿ ಕೇಳದಿದ್ದರೆ ಆಕಾಶದಿಂದ ಬರಬೇಕು, ಆಗ ವಿಮಾನದ ಸದ್ದೇ ಹೇಳುತ್ತದೆ. ತಗ್ಗಿನಲ್ಲಿ ಹಾರುವ ಸಿ-47ರ ಸದ್ದನ್ನು ನಿಶ್ಶಬ್ದವಾದ ಬೆಟ್ಟದ ಕಣಿವೆಯಲ್ಲಿ ಯಾರೂ ಬೇರೆ ಏನೋ ಎಂದುಕೊಳ್ಳುವುದಿಲ್ಲ. ಪಶ್ಚಿಮದಿಂದ ಬರುತ್ತಿರುವ ಪ್ಯಾಟನ್ ಇಲ್ಲಿರಲಿಲ್ಲ, ನೆಗೆದು ದಾಟುವ ಸ್ವೀಡನ್ನೂ ಇರಲಿಲ್ಲ. ಮುಖ್ಯವಾಗಿ ಬೆಂಕಿ ಹಚ್ಚಿಕೊಂಡು ಕಾಯುತ್ತಿದ್ದ ಪ್ರತಿರೋಧವೇ ಇರಲಿಲ್ಲ. ಅದನ್ನು ಹುಟ್ಟಿಸುವುದೇ ಇಳಿದವರ ಕೆಲಸ ಎಂದು ಕಾಗದದ ಮೇಲಿತ್ತು. ಜೆಡ್‌ಬರ್ಗ್‌ಗಳು ಯಾವ ದೇಶದಲ್ಲೂ ಪ್ರತಿರೋಧ ಹುಟ್ಟಿಸಿದ್ದಿಲ್ಲ, ಇದ್ದದ್ದಕ್ಕೆ ಶಸ್ತ್ರ ಕೊಟ್ಟರು. ಫ್ರಾನ್ಸಿನ ಅನುಭವದ ಈ ಅರ್ಧವನ್ನು ಸೈಗಾನಿನಲ್ಲಿ ಮರೆತಂತಿತ್ತು.

ವೈರ್‌ಲೆಸ್ ಮೋಸವೂ ಹೊಸದಲ್ಲ. ಪ್ರತಿ ಆಪರೇಟರಿಗೂ ಒಂದು ರಕ್ಷಣೆಯ ಗುರುತು ಕೊಟ್ಟಿರುತ್ತಾರೆ, ಉದಾಹರಣೆಗೆ ಗೊತ್ತಾದ ಜಾಗದಲ್ಲಿ ಬೇಕೆಂದೇ ಒಂದು ಅಕ್ಷರ ತಪ್ಪು ಮಾಡುವುದು. ಸಿಕ್ಕಿಬಿದ್ದು ಬಲವಂತಕ್ಕೆ ಕಳಿಸುವಾಗ ಆ ತಪ್ಪನ್ನು ಬಿಟ್ಟುಬಿಟ್ಟರೆ ಕಚೇರಿಗೆ ಎಚ್ಚರಿಕೆ ಹೋದ ಹಾಗೆ. 1942ರ ಮಾರ್ಚಿನಲ್ಲಿ ಹಾಲೆಂಡಿನಲ್ಲಿ ಸಿಕ್ಕಿಬಿದ್ದ ಹೂಬ್ ಲೌವರ್ಸ್‌ಗೆ ಪ್ರತಿ 16ನೇ ಅಕ್ಷರದಲ್ಲಿ ತಪ್ಪು ಮಾಡುವ ಕ್ರಮ ಕೊಟ್ಟಿದ್ದರು. ಆತ ಅದನ್ನು ಕೈಬಿಟ್ಟು ಎಚ್ಚರಿಸಿದ. ಲಂಡನ್ನಿನವರು ಅದನ್ನು ಅಜಾಗರೂಕತೆ ಎಂದು ಬಗೆದರು. ಆಮೇಲೆ ಐವತ್ತಕ್ಕೂ ಹೆಚ್ಚು ಜನ ನೇರವಾಗಿ ಜರ್ಮನರ ಕೈಗೆ ಜಿಗಿದರು. ಇಲ್ಲಿ ತಾಂತ್ರಿಕ ದೋಷವೇನೂ ಇಲ್ಲ. ಒಂದು ತಂಡ ಬದುಕಿದೆ ಎಂದು ನಂಬಬೇಕಾದ ಕಚೇರಿಗೆ, ಸತ್ತಿದೆ ಎಂದು ಹೇಳುವ ಸುಳಿವು ಕಣ್ಣಿಗೆ ಬೀಳುವುದಿಲ್ಲ. 1950ರ ದಶಕದ ಮೊದಲಲ್ಲಿ ಅಲ್ಬೇನಿಯಾದಲ್ಲಿ ಇದೇ ಆಟ ನಡೆಯಿತು. 1952ರ ನವೆಂಬರಿನಲ್ಲಿ ಚೀನಾದೊಳಗೆ ಒಬ್ಬ ಏಜೆಂಟನನ್ನು ಎತ್ತಿಕೊಳ್ಳಲು ಹೋದ ಸಿಐಎ ವಿಮಾನಕ್ಕೆ ಕಾದಿದ್ದದ್ದು ಹೊಂಚು. ಅದರಲ್ಲಿ ಸಿಕ್ಕ ಜಾನ್ ಡೌನಿ ಸೆರೆಯಿಂದ ಹೊರಬಂದದ್ದು 1973ರಲ್ಲಿ. ಇಷ್ಟೆಲ್ಲ ಸೈಗಾನಿಗೆ ಗೊತ್ತಿರಲಿಲ್ಲ ಎನ್ನಲಾಗದು.

ಟಿಬೆಟ್ಟಿನದೂ ಇದೇ ಪಾಠ, ಸ್ವಲ್ಪ ಬೇರೆ ರೂಪದಲ್ಲಿ. ನಾರ್ವೆಗೆ ಹೋದವರು ಪಳಗಿದ ಅದೇ ಕ್ಯಾಂಪ್ ಹೇಲ್‌ನಲ್ಲಿ 1958ರಿಂದ 64ರವರೆಗೆ ಸಿಐಎ ಟಿಬೆಟ್ಟಿನವರಿಗೆ ತರಬೇತಿ ಕೊಟ್ಟಿತು. ಅಲ್ಲಿ ಜನ ಬೆಂಬಲ ಇತ್ತು. ಆದರೆ ಪೆಂಬಾರ್‌ನಂಥ ಕಡೆ ಇಳಿಸಿದ ಶಸ್ತ್ರದ ಸುತ್ತ ಹೋರಾಟಗಾರರು ಹೆಂಡತಿ ಮಕ್ಕಳು ದನಕರುಗಳ ಸಮೇತ ಬೀಡುಬಿಟ್ಟರು, ಚೀನೀ ವಿಮಾನಗಳಿಗೆ ಅದಕ್ಕಿಂತ ಸುಲಭದ ಗುರಿ ಬೇಕಿರಲಿಲ್ಲ. ಕೋಲ್ಬಿ 1962ರಲ್ಲಿ ಸಿಐಎಯ ದೂರಪ್ರಾಚ್ಯ ವಿಭಾಗಕ್ಕೆ ಹೋದಾಗ ಈ ಕಡತವೂ ಆತನ ಮೇಜಿಗೆ ಬಂತು. ಅದೇ ವರ್ಷ ನವೆಂಬರಿನಲ್ಲಿ ಭಾರತ ಟಿಬೆಟ್ಟಿನವರದ್ದೇ ಆದ ಸ್ಪೆಷಲ್ ಫ್ರಂಟಿಯರ್ ಫೋರ್ಸನ್ನು ಚಕ್ರಾತಾದಲ್ಲಿ ಕಟ್ಟಿತು, ಅವರಿಗೂ ಆಗ್ರಾದಲ್ಲಿ ಜಿಗಿತ ಕಲಿಸಿತು. ಆ ದಳಕ್ಕೆ ನಮ್ಮ ಬೈಲಕುಪ್ಪೆ, ಮುಂಡಗೋಡಿನಂಥ ನೆಲೆಗಳ ಮನೆಗಳಿಂದಲೂ ಹುಡುಗರು ಹೋಗಿದ್ದಾರೆ.

ಅದೇ ವರ್ಷ, ಬೆಟ್ಟದ ಮೇಲೆ

ಕ್ಯಾಸ್ಟರ್ ಇಳಿದ 1961ರಲ್ಲೇ ಕೋಲ್ಬಿಯ ಠಾಣೆ ಇನ್ನೊಂದು ಕೆಲಸ ಶುರುಮಾಡಿತು. ದಕ್ಷಿಣದ ಎತ್ತರದ ಸೀಮೆಯಲ್ಲಿ ದಾರ್ಲಾಕ್ ಪ್ರಾಂತದ ಬುವಾನ್ ಎನಾವ್ ಎಂಬ ರಾಡೇ ಬುಡಕಟ್ಟಿನ ಹಳ್ಳಿ. ಅಲ್ಲಿಗೆ ಯಾರೂ ಜಿಗಿಯಲಿಲ್ಲ. ಹಿರಿಯರ ಜೊತೆ ವಾರಗಟ್ಟಲೆ ಮಾತುಕತೆ. ಮೊದಲು ಔಷಧಿ. ಆಮೇಲೆ ಊರ ಸುತ್ತ ಬೇಲಿ, ದಾಳಿಯಾದರೆ ಹೆಂಗಸರು ಮಕ್ಕಳು ಇಳಿದು ಕೂರಲು ಗುಂಡಿ, ಆಮೇಲಷ್ಟೇ ಬಂದೂಕು. ನಮ್ಮ ಊರನ್ನು ನಾವೇ ಕಾಯುತ್ತೇವೆ ಎಂದು ಊರವರು ಒಪ್ಪಬೇಕಿತ್ತು, ಒಪ್ಪದೆ ಏನೂ ಇಲ್ಲ. 1962ರ ಕೊನೆಗೆ ಸುಮಾರು ಇನ್ನೂರು ಹಳ್ಳಿಗಳು ಇದರೊಳಗೆ ಬಂದವು.

ಒಂದೇ ಠಾಣೆ, ಒಬ್ಬನೇ ಮುಖ್ಯಸ್ಥ. ಒಂದು ಕಡೆ ಇರುವ ಜನರಿಗೆ ಆಯುಧ ಕೊಡುವ ಜೆಡ್‌ಬರ್ಗ್ ಪದ್ಧತಿಯ ತಿರುಳು, ಇನ್ನೊಂದು ಕಡೆ ಅದರ ಸಿಪ್ಪೆಯಾದ ವಿಮಾನ ಮತ್ತು ಛತ್ರಿ. ಕೋಲ್ಬಿಗೆ ಎರಡರ ವ್ಯತ್ಯಾಸ ಹೊಳೆದದ್ದು ಕೆಲವರು ಹೇಳುವಷ್ಟು ಬೇಗನೂ ಅಲ್ಲ, ಇನ್ನು ಕೆಲವರು ಆಪಾದಿಸುವಷ್ಟು ತಡವೂ ಅಲ್ಲ. 1963ರ ನವೆಂಬರಿನ ಹೊನೊಲುಲು ಸಭೆಯಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರಾನಿಗೆ ಆತ ನೇರವಾಗಿ ಹೇಳಿದ: ಉತ್ತರಕ್ಕೆ ಜನರನ್ನು ಇಳಿಸುವುದು ಫಲ ಕೊಡುತ್ತಿಲ್ಲ, ಕೊಡುವುದೂ ಇಲ್ಲ. ಮ್ಯಾಕ್‌ನಮಾರಾಗೆ ಕೇಳಿಸಿದ್ದು ಬೇರೆ. ಸಿಐಎ ಸಣ್ಣದಾಗಿ ಮಾಡಿ ಸೋತಿತು, ಸೇನೆ ದೊಡ್ಡದಾಗಿ ಮಾಡಿದರೆ ಗೆಲ್ಲುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. 1964ರ ಮೊದಲಲ್ಲಿ ಕಾರ್ಯಾಚರಣೆ 34-ಎ ಯೋಜನೆಯ ಹೆಸರಿನಲ್ಲಿ ಸೇನೆಯ ಕೈಗೆ ಹೋಯಿತು. ಇನ್ನೂ ಬದುಕಿವೆ ಎಂದು ಕೈಬದಲಾದ ಬೆರಳೆಣಿಕೆಯ ತಂಡಗಳೂ ಹನೋಯ್ ಹೇಳಿಸಿದ್ದನ್ನೇ ಹೇಳುತ್ತಿದ್ದವು. ಬುವಾನ್ ಎನಾವ್‌ನ ಕೆಲಸವೂ 1963ರಲ್ಲಿ ಸೇನೆಗೆ ಹೋಯಿತು. ಊರು ಕಾಯಲು ಒಪ್ಪಿದವರನ್ನು ಗಡಿಯಲ್ಲಿ ದಾಳಿ ಮಾಡಲು ಕಳಿಸತೊಡಗಿದರು, ಒಪ್ಪಂದದ ಬುಡವೇ ಅಲುಗಿತು.

ಮುಂದಿನದು ಹೆಚ್ಚು ಜನರಿಗೆ ಗೊತ್ತಿರುವ ಭಾಗ. 1968ರ ನವೆಂಬರಿನಿಂದ 1971ರವರೆಗೆ ಆತ ಹಳ್ಳಿಗಳ ಶಾಂತೀಕರಣ ಸಂಸ್ಥೆಯ ಮುಖ್ಯಸ್ಥ. ಅದರೊಳಗೇ ಫೀನಿಕ್ಸ್. 1971ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಆತನೇ ಕೊಟ್ಟ ಲೆಕ್ಕದಲ್ಲಿ 1968ರಿಂದ ಈಚೆಗೆ ಸತ್ತವರು 20,587. ಅವರಲ್ಲಿ ಹೆಚ್ಚಿನವರು ಕಾದಾಟದಲ್ಲಿ ಸತ್ತರು ಎಂಬುದು ಆತನ ವಾದ. ಹೆಸರು ಪಟ್ಟಿಗೆ ಸೇರುತ್ತಿದ್ದದ್ದು ಯಾರ ಮಾತಿನ ಮೇಲೆ ಎಂಬ ಪ್ರಶ್ನೆಗೆ ಆ ವಾದ ಉತ್ತರವಲ್ಲ. ಬಾರ್ಡೆಯಂಥವನ ಜೊತೆ ಕೆಲಸ ಮಾಡಿ ಬಂದವನಿಗೆ ಆ ಪ್ರಶ್ನೆಯ ತೂಕ ಇನ್ನಷ್ಟು ಗೊತ್ತಿರಬೇಕಿತ್ತು. 1973ರ ಸೆಪ್ಟೆಂಬರಿನಿಂದ 1976ರ ಜನವರಿವರೆಗೆ ಸಿಐಎ ನಿರ್ದೇಶಕ. ಸಂಸ್ಥೆಯ ಅಕ್ರಮಗಳ ಕಡತವನ್ನು ಸಂಸತ್ತಿನ ಮುಂದೆ ತೆರೆದಿಟ್ಟದ್ದಕ್ಕೆ ಒಳಗಿನವರು ಕ್ಷಮಿಸಲಿಲ್ಲ, ಅಧ್ಯಕ್ಷ ಫೋರ್ಡ್ ಕೆಲಸದಿಂದ ತೆಗೆದ.

1996ರ ಏಪ್ರಿಲ್ 27ರಂದು ಮೇರಿಲ್ಯಾಂಡಿನ ರಾಕ್ ಪಾಯಿಂಟ್‌ನಲ್ಲಿ ದೋಣಿ ಹತ್ತಿ ಹೋದ ಕೋಲ್ಬಿ ಮರಳಲಿಲ್ಲ. ಮೇ 6ರಂದು ಶವ ಸಿಕ್ಕಿತು. ಜೂನ್‌ನಲ್ಲಿ ಅಮೆರಿಕದ ಸೆನೆಟ್ ಉತ್ತರಕ್ಕೆ ಕಳಿಸಿದ್ದ ಕಮಾಂಡೋಗಳ ಬಗ್ಗೆ ವಿಚಾರಣೆ ನಡೆಸಿತು. ಸೆರೆಯಲ್ಲಿ ಹತ್ತು, ಹದಿನೈದು, ಕೆಲವರು ಅದಕ್ಕೂ ಹೆಚ್ಚು ವರ್ಷ ಕಳೆದು ಬಂದವರು ಎದುರು ಕೂತಿದ್ದರು. ಅವರಿನ್ನೂ ಜೈಲಿನಲ್ಲಿ ಬದುಕಿದ್ದಾಗಲೇ ಲೆಕ್ಕಪತ್ರದಲ್ಲಿ ಒಬ್ಬೊಬ್ಬರನ್ನಾಗಿ 'ಸತ್ತವರು' ಎಂದು ಬರೆದು, ಮನೆಯವರಿಗೆ ಒಂದಿಷ್ಟು ಹಣ ಕೊಟ್ಟು ಸಂಬಳ ನಿಲ್ಲಿಸಲಾಗಿತ್ತು. ಬದುಕುಳಿದವರಿಗೆ ತಲಾ 40,000 ಡಾಲರ್ ಕೊಡಲು ಸಂಸತ್ತು ಆ ವರ್ಷ ಒಪ್ಪಿತು.